ಪಾಲಖಿ ಮುಂದೆ ಹೋದ ಮರುದಿನ



ಜಾತ್ರೆಯ ಸೊಬಗನ್ನು ಬಣ್ಣಿಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ತೇರು ಎಷ್ಟು ಎತ್ತರವಿತ್ತು, ಭಜನೆ ಎಷ್ಟು ಹೊತ್ತಿನವರೆಗೆ ನಡೆಯಿತು, ಅನ್ನದಾನಕ್ಕೆ ಎಷ್ಟು ಚೀಲ ಅಕ್ಕಿ ಖರ್ಚಾಯಿತು ಎಂಬುದನ್ನು ಊರಿನ ಹಿರಿಯರು ಬಾಯಿಲೆಕ್ಕದಲ್ಲಿ ಒಪ್ಪಿಸುತ್ತಾರೆ. ಆದರೆ ಬಂದ ಜನ ಇಳಿದುಕೊಂಡಿದ್ದ ಬಯಲು ಮರುದಿನ ಹೇಗಿತ್ತು? ಆ ಒಲೆಯ ಕಲ್ಲು, ಬೂದಿ, ಎಂಜಲೆಲೆ, ಬಾವಿಯ ಸುತ್ತಲಿನ ಕೆಸರು, ಬೇಲಿಯ ಮರೆಯ ಹೊಲಸು ಇವನ್ನೆಲ್ಲ ಯಾರು ನೋಡಿದರು, ಯಾರು ಬಳಿದರು? ಇದಕ್ಕೂ ಒಂದು ಚರಿತ್ರೆ ಇದೆ. ಇಂದು ನಾನು ನಿಮಗೆ ಹೇಳಹೊರಟಿರುವುದು ಆ ಮರುದಿನದ ಚರಿತ್ರೆಯನ್ನು.

ಉದಾಹರಣೆಗೆ ಪಂಢರಪುರದ ವಾರಿಯನ್ನು ತೆಗೆದುಕೊಳ್ಳೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಿಮಗೆ ಇದು ಮನೆಯಂಗಳದ ಸಂಗತಿ. ಉಳಿದವರು ನಿಮ್ಮ ನಿಮ್ಮ ಕಡೆಯ ದಾರಿಯನ್ನು ನೆನೆದುಕೊಳ್ಳಿ. ತಾಳವಾಡಿಯವರಿಗೆ ಮಾದಪ್ಪನ ಬೆಟ್ಟದ ಪರಸೆ ಇದೆ, ಆದವಾನಿ ಸೀಮೆಯವರಿಗೆ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಕನ್ನಡ ಭಕ್ತರು ಕಾಣಸಿಗುತ್ತಾರೆ, ಕಾಸರಗೋಡು ಮತ್ತು ವಯನಾಡಿನವರಿಗೆ ಶಬರಿಮಲೆಯ ಯಾತ್ರಿಕರು ಗೊತ್ತು. ಜನ ನಡೆದು ಬರುತ್ತಾರೆ, ಬಯಲಿನಲ್ಲಿ ಇಳಿಯುತ್ತಾರೆ, ಬೆಳಗಾದರೆ ಹೊರಡುತ್ತಾರೆ. ಊರು ಅಲ್ಲೇ ಉಳಿಯುತ್ತದೆ.

ಪಂಢರಪುರ ನಮಗೆ ಪರಕೀಯವಲ್ಲ. ಹೊಯ್ಸಳ ದೊರೆ ಸೋಮೇಶ್ವರನ ಕಾಲದ, 1237ರ ಶಾಸನವೊಂದು ಅಲ್ಲಿನ ಗುಡಿಯಲ್ಲಿದೆ. ಸಂಸ್ಕೃತ ಕನ್ನಡಗಳೆರಡೂ ಇರುವ ಆ ಶಾಸನದಲ್ಲಿ ಊರಿನ ಹೆಸರು ಪಂಡರಗೆ. ನಮ್ಮ ಹರಿದಾಸರಿಗೂ ಮರಾಠಿ ಸಂತರಿಗೂ ವಿಠ್ಠಲ ಒಬ್ಬನೇ. ಭೀಮಾ ನದಿ ಅಲ್ಲಿ ಅರ್ಧಚಂದ್ರದ ಹಾಗೆ ಬಾಗಿ ಹರಿಯುವುದರಿಂದ ಅದಕ್ಕೆ ಚಂದ್ರಭಾಗಾ ಎಂಬ ಹೆಸರು ಬಂದಿದೆ. ಈ ಚಂದ್ರಭಾಗೆಯ ಮರಳಿನ ಮೇಲೆಯೇ ನಮ್ಮ ಕಥೆಯ ಬಹುಭಾಗ ನಡೆಯುತ್ತದೆ.

ಆಷಾಢ ಶುದ್ಧ ಏಕಾದಶಿಯ ವಾರಿಗೆ ಎರಡು ದೊಡ್ಡ ಪಲ್ಲಕ್ಕಿಗಳು ಬರುತ್ತವೆ. ಮರಾಠಿಯಲ್ಲಿ ಇವನ್ನು ಪಾಲಖಿ ಎನ್ನುತ್ತಾರೆ. ದೇಹೂವಿನಿಂದ ತುಕಾರಾಮರ ಪಾದುಕೆಗಳನ್ನು ಹೊತ್ತು ತರುವ ಪದ್ಧತಿಯನ್ನು ಅವರ ಮಗ ನಾರಾಯಣ ಮಹಾರಾಜರು 1685ರಲ್ಲಿ ಆರಂಭಿಸಿದರು. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿಗೆ ಈಗಿನ ರೂಪ ಕೊಟ್ಟವರು ಹೈಬತ್‌ರಾವ್ ಬಾಬಾ. 19ನೆಯ ಶತಮಾನದ ಮೊದಲ ಭಾಗದಲ್ಲಿದ್ದ ಇವರು ಗ್ವಾಲಿಯರದ ಶಿಂದೆಯವರ ಚಾಕರಿಯಲ್ಲಿದ್ದವರು. ಆ ಪಾಲಖಿಗೆ ಕುದುರೆಗಳನ್ನು ಕೊಡುವ ಮಾನ ಇಂದಿಗೂ ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರ ಮನೆತನದ್ದು. ಕುದುರೆಗಳು ಅಂಕಲಿಯಿಂದ ಆಳಂದಿಗೆ ನಡೆದೇ ಹೋಗುತ್ತವೆ.

ದಂಡಿನ ಪರಿಚಯವಿದ್ದ ಮನುಷ್ಯ ಕಟ್ಟಿದ ಯಾತ್ರೆಯಾದ್ದರಿಂದ ಅದರಲ್ಲಿ ದಂಡಿನ ಶಿಸ್ತು ಇದೆ ಎಂದು ಹೇಳುವುದುಂಟು. ವಾರಕರಿಗಳು ದಿಂಡಿ ಎಂಬ ಗುಂಪುಗಳಲ್ಲಿ ನಡೆಯುತ್ತಾರೆ. ರಥದ ಮುಂದೆ 27 ದಿಂಡಿಗಳು, ಹಿಂದೆ ನೂರಾರು. ಪ್ರತಿಯೊಂದಕ್ಕೂ ಅದರ ಅದರ ಸಂಖ್ಯೆ, ಅದರ ಅದರ ಸ್ಥಾನ. ಸಾಸವಡ, ಜೇಜುರಿ, ಲೋಣಂದ, ಫಲಟಣ, ನಾತೆಪುತೆ, ಮಾಳಶಿರಸ, ವೇಳಾಪುರ, ವಾಖರಿ ಹೀಗೆ ಮುಕ್ಕಾಮುಗಳೂ ಗೊತ್ತಾದವೇ. ರಾತ್ರಿ ಇಳಿಯುವ ಬಯಲಿಗೆ ಮರಾಠಿಯಲ್ಲಿ ತಳ ಎನ್ನುತ್ತಾರೆ. ಎರಡೂ ಭಾಷೆ ಬಲ್ಲ ನಿಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ನಾವು ತಳವೂರುವುದು ಎನ್ನುತ್ತೇವೆ. ವಾರಕರಿ ತಳವೂರುವುದು ಒಂದೇ ರಾತ್ರಿಗೆ.

ಆ ತಳದಲ್ಲಿ ಸಂಜೆ ಸಮಾಜ ಆರತಿ ನಡೆಯುತ್ತದೆ. ಗಮನಿಸಬೇಕಾದದ್ದು ಇಲ್ಲಿದೆ. ದಿಂಡಿಗಳೆಲ್ಲ ಸುತ್ತ ನೆರೆದು ತಾಳ ಬಡಿಯುತ್ತಿರುತ್ತವೆ. ಚೋಪದಾರ ತನ್ನ ಬೆಳ್ಳಿಯ ಕೋಲನ್ನು ಮೇಲೆತ್ತಿದ ಕೂಡಲೇ ಸಾವಿರಾರು ಜನ ಒಮ್ಮೆಗೆ ಮೌನವಾಗುತ್ತಾರೆ. ಯಾವುದಾದರೂ ದಿಂಡಿಗೆ ಆ ದಿನ ಏನಾದರೂ ತೊಂದರೆಯಾಗಿದ್ದರೆ ಆ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರ ಅಲ್ಲಿಗೆ ಹೋಗಿ ದೂರು ಕೇಳುತ್ತಾನೆ. ಅನಂತರ ಕಳೆದುಹೋದ, ಸಿಕ್ಕ ವಸ್ತುಗಳ ಪಟ್ಟಿ ಓದುತ್ತಾರೆ. ಮರುದಿನ ಹೊರಡುವ ಹೊತ್ತನ್ನು ಸಾರುತ್ತಾರೆ. ಆಮೇಲೆ ಆರತಿ. ಸರಕಾರದ ಕಾಗದವಾಗಲಿ ಪೊಲೀಸರ ಲಾಠಿಯಾಗಲಿ ಇಲ್ಲದೆ, ಶಿಬಿರದ ಸ್ಥಿತಿಯನ್ನು ದಿನವೂ ಸಂಜೆ ತಪಾಸಣೆ ಮಾಡುವ ಕ್ರಮವಿದು. ಯಾತ್ರೆ ತನ್ನನ್ನು ತಾನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ನಮ್ಮ ಜನ ಬಹಳ ಹಿಂದೆಯೇ ಕಲಿತಿದ್ದರು.

ಆದರೆ ಈ ಕ್ರಮದಲ್ಲಿ ಒಂದು ಕೊರತೆ ಇತ್ತು. ಸಮಾಜ ಆರತಿಯಲ್ಲಿ ವಾರಕರಿಯ ದೂರಿಗೆ ಕಿವಿ ಇತ್ತು. ಬಯಲಿಗೆ ಬಾಯಿ ಇರಲಿಲ್ಲ. ಪಾಲಖಿ ಮುಂದಿನ ಮುಕ್ಕಾಮಿಗೆ ಹೋದ ಮೇಲೆ ಹಿಂದಿನ ಊರಿನ ಹಳ್ಳ, ಹೊಲ, ಬಾವಿಗಳ ಪರವಾಗಿ ತಾಳ ಬಡಿಯುವವರು ಯಾರು?

ಈ ಕೊರತೆಯ ಬೆಲೆಯನ್ನು ಕಾಲರಾ ವಸೂಲು ಮಾಡಿತು. 1817ರಲ್ಲಿ ಬಂಗಾಳದಿಂದ ಹೊರಟ ಆ ರೋಗ ಮುಂದಿನ ನೂರು ವರ್ಷ ನಮ್ಮ ಹಳ್ಳಿಗಳನ್ನು ಮತ್ತೆ ಮತ್ತೆ ಸುಟ್ಟಿತು. ಅದು ಹರಡುವ ಬಗೆ ಸರಳ. ರೋಗಿಯ ಮಲದಲ್ಲಿರುವ ಕ್ರಿಮಿ ಕುಡಿಯುವ ನೀರಿಗೆ ಸೇರಬೇಕು, ಅಷ್ಟೇ. ಕ್ರಿಮಿ ಹೊಕ್ಕವರೆಲ್ಲ ಕಾಯಿಲೆ ಬೀಳುವುದಿಲ್ಲ. ಬಹಳ ಮಂದಿ ಗಟ್ಟಿಮುಟ್ಟಾಗಿಯೇ ನಡೆಯುತ್ತ ಅದನ್ನು ಮುಂದಿನ ಊರಿಗೆ ಸಾಗಿಸುತ್ತಾರೆ. ಆಷಾಢವೆಂದರೆ ಮೊದಲ ಮಳೆಯ ಕಾಲ. ಬಯಲಿನಲ್ಲಿ ಬಿದ್ದದ್ದೆಲ್ಲ ಒಂದೇ ಮಳೆಗೆ ಹಳ್ಳಕ್ಕೆ, ಕಟ್ಟೆಯಿಲ್ಲದ ಬಾವಿಗೆ ಇಳಿಯುತ್ತದೆ. ಯಾತ್ರಿಕರು ಮುಂದೆ ಹೋಗಿರುತ್ತಾರೆ, ನೀರು ಕುಡಿಯುವವರು ಊರಿನವರು.

1866ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ, ಕಾಲರಾ ಹಬ್ಬಲು ಭಾರತದ ತೀರ್ಥಯಾತ್ರೆಗಳು ದೊಡ್ಡ ಕಾರಣವೆಂದು ಬೆರಳು ತೋರಿಸಿತು. ಮರುವರ್ಷವೇ, ಅಂದರೆ 1867ರಲ್ಲಿ, ಹರಿದ್ವಾರದ ಕುಂಭಮೇಳ ಬಂತು. ಅಧಿಕಾರಿಗಳು ಈ ಸಲ ಎಚ್ಚರ ವಹಿಸಿದ್ದರು. ಬಯಲನ್ನು ಭಾಗ ಮಾಡಿ ಹಂಚಿದ್ದರು, ಕಂದಕ ತೋಡಿ ಕಕ್ಕಸು ಮಾಡಿಸಿದ್ದರು. ಮೊದಲ ದಿನಗಳು ಚೆನ್ನಾಗಿಯೇ ಕಳೆದವು. ಮುಖ್ಯ ಸ್ನಾನದ ಹೊತ್ತಿಗೆ ಜೋರು ಮಳೆ ಬಂತು. ಇಕ್ಕಟ್ಟಾದ ಘಾಟಿನಲ್ಲಿ ಲಕ್ಷಾಂತರ ಜನ ಮಿಂದು ಅದೇ ನೀರನ್ನು ತೀರ್ಥವೆಂದು ಸೇವಿಸಿದರು. ಜನ ಊರಿಗೆ ಮರಳುವ ದಾರಿಯುದ್ದಕ್ಕೂ ಕಾಲರಾ ಉತ್ತರ ಭಾರತದಲ್ಲಿ ಹಬ್ಬಿತು. ಬಯಲನ್ನು ಶುಚಿಯಾಗಿಟ್ಟರಷ್ಟೇ ಸಾಲದು, ನೀರನ್ನು ಬೇರೆಯಾಗಿ ಕಾಯಬೇಕು ಎಂಬ ಪಾಠ ಅದರಲ್ಲಿತ್ತು. ಕಾಲರಾ ಕ್ರಿಮಿಯನ್ನು ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ಗುರುತಿಸಿದ್ದು 1884ರಲ್ಲಿ. ಅದಕ್ಕೂ ಮೊದಲೇ ಹರಿದ್ವಾರದ ಬಯಲು ಆ ಪಾಠ ಹೇಳಿತ್ತು.

ಬ್ರಿಟಿಷ್ ಸರಕಾರ ಕಲಿತದ್ದು ಇನ್ನೊಂದು ಪಾಠವನ್ನು. ನೆಲವನ್ನು ಮತ್ತು ನೀರನ್ನು ಸರಿಪಡಿಸಲು ಹಣ ಬೇಕು. ಜನರನ್ನು ತಡೆಯಲು ಹುಕುಂ ಸಾಕು. 1892ರಲ್ಲಿ ಹರಿದ್ವಾರದ ಮಹಾವಾರುಣಿ ಜಾತ್ರೆಯನ್ನು ಅರ್ಧದಲ್ಲೇ ಚದುರಿಸಿದರು. ಮುಂಬಯಿಗೆ ಪ್ಲೇಗು ಬಂದ ಮೇಲೆ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಪ್ರಯಾಣಿಕರನ್ನು ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರ ಸರಕಾರಕ್ಕೆ ದೊರೆಯಿತು. 1906ರಲ್ಲಿ ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಗಾಡಿ ಪಂಢರಪುರ ಮುಟ್ಟಿತು, ಜನ ಇನ್ನೂ ಹೆಚ್ಚಿದರು. ಮುಂದಿನ ಹತ್ತು ವರ್ಷಗಳಲ್ಲಿ ಪಾಲಖಿಯೆಂದರೆ ರೋಗ ಹೊತ್ತು ತರುವ ಮೆರವಣಿಗೆ ಎಂಬ ಭಾವನೆ ಅಧಿಕಾರಿಗಳಲ್ಲಿ ಬಲವಾಗಿತ್ತು. ಯಾತ್ರಿಕರಿಂದ ಕರ ವಸೂಲಿಯೂ ಆಗುತ್ತಿತ್ತು. ಸೋಂಕು ಜನರ ಜೊತೆ ಸಂಚರಿಸುತ್ತಿದ್ದುದು ನಿಜ. ಆದರೆ ಅಧಿಕಾರಿಯ ಕಣ್ಣು ವಾರಕರಿಯ ಮೇಲೆ ನೆಟ್ಟಷ್ಟು ಅವನು ಇಳಿದ ಬಯಲಿನ ಮೇಲೆ ನೆಡಲಿಲ್ಲ. ಜನ ತಾವು ಅಪರಾಧಿಗಳೆಂಬಂತೆ ನೋಡಿದವರ ಮಾತನ್ನು ಹೇಗೆ ತಾನೇ ಕೇಳಿಯಾರು?

ನೆಲವನ್ನು ನೋಡಿದ ಕಣ್ಣುಗಳು ಬೇರೆ ಕಡೆಯಿಂದ ಬಂದವು. 1915ರ ಹರಿದ್ವಾರ ಕುಂಭಕ್ಕೆ ಗಾಂಧೀಜಿ ಹೋದಾಗ ಅಲ್ಲಿ ಹೃದಯನಾಥ ಕುಂಜ್ರು ಅವರ ನೇತೃತ್ವದಲ್ಲಿ ಭಾರತ ಸೇವಕ ಸಮಾಜದ ಸ್ವಯಂಸೇವಕರಿದ್ದರು. ಕಕ್ಕಸಿನ ಗುಂಡಿಗಳನ್ನು ತೋಡಿಸಲಾಗಿತ್ತು, ಆದರೆ ಅವುಗಳ ನಿಗಾ ಕೂಲಿಯ ಜಾಡಮಾಲಿಗಳ ಪಾಲಿಗೆ ಬಿಟ್ಟಿತ್ತು. ಮಲದ ಮೇಲೆ ಮಣ್ಣು ಮುಚ್ಚುವ ಕೆಲಸವನ್ನು ಗಾಂಧೀಜಿಯವರ ಫೀನಿಕ್ಸ್ ಆಶ್ರಮದ ತಂಡ ತಾನೇ ಕೇಳಿ ಪಡೆಯಿತು.

ಪಂಢರಪುರದಲ್ಲಿ ಆ ಕಣ್ಣು ಗಾಡಗೆ ಬಾಬಾ ಅವರದು. 1876ರಲ್ಲಿ ವಿದರ್ಭದ ಅಮರಾವತಿ ಜಿಲ್ಲೆಯ ಒಂದು ಅಗಸರ ಮನೆಯಲ್ಲಿ ಹುಟ್ಟಿದ ಇವರ ಆಸ್ತಿ ಒಂದು ಒಡಕು ಮಡಕೆ, ಒಂದು ಪೊರಕೆ. ಊರಿಗೆ ಬಂದವರೇ ಮೊದಲು ಬೀದಿ ಗುಡಿಸುತ್ತಿದ್ದರು. ರಾತ್ರಿ ಕೀರ್ತನೆ ಮಾಡುತ್ತಿದ್ದರು. ವಾರಿಗೆ ತಪ್ಪದೆ ಬರುತ್ತಿದ್ದ ಅವರು ಗುಡಿಯೊಳಗೆ ಹೋಗುವುದಕ್ಕಿಂತ ಹೊರಗೆ ಜನ ಇಳಿದ ಜಾಗ ಗುಡಿಸುವುದನ್ನೇ ಸೇವೆ ಎಂದು ತಿಳಿದಿದ್ದರು. ಇಳಿಯಲು ಜಾಗ ಸಿಗದ ದಲಿತ ಯಾತ್ರಿಕರಿಗಾಗಿ ಚೋಖಾಮೇಳಾ ಹೆಸರಿನಲ್ಲಿ ಧರ್ಮಶಾಲೆ ಕಟ್ಟಿಸಿದರು. ಅದನ್ನು 1949ರಲ್ಲಿ ಡಾ. ಅಂಬೇಡ್ಕರರಿಗೆ ಒಪ್ಪಿಸಿದರು. ವಿಠ್ಠಲನ ಗುಡಿಯ ಬಾಗಿಲು ದಲಿತರಿಗೆ ತೆರೆಯಲು 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂತದ್ದು ನಿಮಗೆ ಗೊತ್ತಿರಬಹುದು. ಇಳಿಯುವ ಜಾಗ, ಕುಡಿಯುವ ನೀರು, ಒಳಗೆ ಹೋಗುವ ಬಾಗಿಲು ಈ ಮೂರೂ ಒಂದೇ ಪ್ರಶ್ನೆಯ ಮೂರು ಮುಖ ಎಂಬುದನ್ನು ಗಾಡಗೆ ಬಾಬಾ ಅಕ್ಷರ ಕಲಿಯದೆಯೇ ಅರಿತಿದ್ದರು. ಅವರು ತೀರಿಕೊಂಡದ್ದು 1956ರಲ್ಲಿ.

ಆದರೆ ಒಬ್ಬ ಸಂತನ ಪೊರಕೆ ಎಷ್ಟು ಬಯಲು ಗುಡಿಸೀತು? ಸುಮಾರು ಒಂದು ಲಕ್ಷ ಜನವಸತಿಯ ಊರಿಗೆ ಆಷಾಢಿಯಲ್ಲಿ ಬರುವವರು ಹತ್ತು ಲಕ್ಷದ ಆಸುಪಾಸು. ಮಠ, ಧರ್ಮಶಾಲೆ, ಮನೆಗಳು ತುಂಬಿದ ಮೇಲೆ ಉಳಿದವರಿಗೆ ಚಂದ್ರಭಾಗೆಯ ಮರಳೇ ಹಾಸಿಗೆ, ಅಲ್ಲೇ ಡೇರೆ, ಅಲ್ಲೇ ಒಲೆ, ಅಲ್ಲೇ ಬಹಿರ್ದೆಸೆ. ಜಾತ್ರೆ ಮುಗಿದ ಮೇಲೆ ಆ ಮರಳಿನಿಂದ, ಓಣಿಗಳಿಂದ ಮಲವನ್ನು ಕೈಯಿಂದ ಬಳಿದು ಸಾಗಿಸುತ್ತಿದ್ದವರು ಒಂದು ಜಾತಿಯಲ್ಲಿ ಹುಟ್ಟಿದ ತಪ್ಪಿಗೆ ಆ ಕೆಲಸಕ್ಕೆ ಬಿದ್ದ ಬಡ ಕಾರ್ಮಿಕರು. ಇದನ್ನು ನಿಷೇಧಿಸುವ ಕಾಯಿದೆ 1993ರಲ್ಲಿಯೇ ಬಂದಿತ್ತು. 2013ರಲ್ಲಿ ಇನ್ನೂ ಕಟ್ಟುನಿಟ್ಟಿನ ಕಾಯಿದೆ ಬಂತು. ಪುಣ್ಯಕ್ಷೇತ್ರದ ಮರುದಿನ ಮಾತ್ರ ಬದಲಾಗಿರಲಿಲ್ಲ. ಲಕ್ಷ ಜನರ ಪುಣ್ಯದ ಲೆಕ್ಕ ಅವರ ತಲೆಯ ಮೇಲಿನ ಬುಟ್ಟಿಯಲ್ಲಿತ್ತು ಎಂದರೆ ಕಠಿಣವಾಗಿ ಕೇಳಿಸೀತು, ಆದರೆ ಸುಳ್ಳಲ್ಲ.

ಈ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದವರು ಬಾಂಬೆ ಹೈಕೋರ್ಟಿಗೆ ಹೋದರು. 2014ರಿಂದ ಮುಂದಕ್ಕೆ ನ್ಯಾಯಾಲಯ ಸರಕಾರಕ್ಕೂ ಪುರಸಭೆಗೂ ಒಂದಾದ ಮೇಲೊಂದು ಆದೇಶ ಕೊಟ್ಟಿತು. ಸಾಕಷ್ಟು ಶೌಚಾಲಯ ಕಟ್ಟಬೇಕು, ಕೈಯಿಂದ ಮಲ ಬಳಿಯುವುದು ನಿಲ್ಲಬೇಕು, ನದಿಯ ಪಾತ್ರದಲ್ಲಿ ಡೇರೆ ಹಾಕಬಾರದು ಎಂಬುದು ಅವುಗಳ ತಿರುಳು. ಮರಳಿನ ಮೇಲೆ ಕೀರ್ತನೆ ಮಾಡುವುದು ತಲೆತಲಾಂತರದ ರೂಢಿ ಎಂದವರಿಗೆ ನೋವಾಯಿತು. ಹಾಗಾದರೆ ಜನ ಎಲ್ಲಿ ಇಳಿಯಬೇಕು? ಉತ್ತರವಾಗಿ ನದಿಯಾಚೆ 65 ಎಕರೆ ಬಯಲನ್ನು ಸಜ್ಜುಗೊಳಿಸಿದರು. ರಸ್ತೆ, ನಲ್ಲಿ, ದೀಪ, ಶೌಚಾಲಯಗಳಿರುವ ಆ ಬಯಲಿಗೆ ಭಕ್ತಿಸಾಗರ ಎಂದು ಹೆಸರು. ಜನರ ಬಾಯಲ್ಲಿ ಅದು ಪಾಸಷ್ಟ ಎಕರ್. ಅಲ್ಲಿ ದಿಂಡಿಗಳಿಗೆ ತುಂಡು ತುಂಡಾಗಿ ಜಾಗ ಹಂಚಿಕೊಡುತ್ತಾರೆ. ದಾರಿಯ ಮುಕ್ಕಾಮುಗಳಿಗಾಗಿ 2015ರಿಂದ ನಿರ್ಮಲ ವಾರಿ ಎಂಬ ಪ್ರಯತ್ನ ಶುರುವಾಯಿತು. ಸ್ವಯಂಸೇವಕರು ಸಂಚಾರಿ ಶೌಚಾಲಯಗಳನ್ನು ಪಾಲಖಿಗಿಂತ ಮೊದಲೇ ಮುಂದಿನ ತಳದಲ್ಲಿ ನಿಲ್ಲಿಸುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಬಯಲುಗಳು ಆ ವರ್ಷ ಬರಿದಾಗಿದ್ದವು. ರೋಗದ ಭಯದಿಂದ ಯಾತ್ರೆ ನಿಲ್ಲಿಸುವ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿತ್ತು. ಈ ಸಲ ವಾರಕರಿಗಳ ಮುಖಂಡರೂ ಕೂತು ಮಾತಾಡಿ ಒಪ್ಪಿದ್ದರು ಎಂಬುದು ವ್ಯತ್ಯಾಸ.

ಈ ಚರಿತ್ರೆಯಿಂದ ನಿಮ್ಮ ಊರು ಏನು ತೆಗೆದುಕೊಳ್ಳಬಹುದು? ನಿಮ್ಮ ಊರು ಪಂಢರಪುರವಲ್ಲ. ಅಲ್ಲಿ ನಿಲ್ಲುವುದು ಮುನ್ನೂರು ಜನರ ಒಂದು ದಿಂಡಿ, ಒಂದೇ ರಾತ್ರಿ. ಆದರೂ ಒಂದು ಲೆಕ್ಕ ಹಾಕಿ ನೋಡಿ. ನಿರಾಶ್ರಿತರ ಶಿಬಿರಗಳಿಗಾಗಿ ಸೇವಾ ಸಂಸ್ಥೆಗಳು 1997ರಿಂದ ರೂಪಿಸಿಕೊಂಡಿರುವ ಸ್ಫಿಯರ್ ಎಂಬ ಮಾನದಂಡ ಇದೆ. ಅದರ ಪ್ರಕಾರ ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ, ಗುಂಡಿಗೂ ಬಾವಿಗೂ ನಡುವೆ ಕನಿಷ್ಠ 30 ಮೀಟರ್ ಅಂತರ. ಮುನ್ನೂರು ಜನರಿಗೆ ಇದು 4,500 ಲೀಟರ್ ನೀರು, 15 ಶೌಚಾಲಯ. ಒಂದು ಟ್ಯಾಂಕರ್, ಒಂದು ಶಾಲೆಯ ಮತ್ತು ಒಂದು ಪಂಚಾಯತಿಯ ಶೌಚಾಲಯ, ನಾಲ್ಕೈದು ತಾತ್ಕಾಲಿಕ ಗುಂಡಿ. ಹಾರ ತುರಾಯಿಗೆ, ಮೈಕಿಗೆ ಮಾಡುವ ಖರ್ಚಿನ ಜೊತೆ ಇದನ್ನೂ ಸೇರಿಸಿದರೆ ಅಸಾಧ್ಯವೇನಲ್ಲ.

ಎರಡನೆಯದು, ಬಯಲನ್ನು ವರ್ಷ ವರ್ಷ ಬದಲಿಸಬೇಡಿ. ಅಮೆರಿಕದ ಮಿನ್ನೆಸೋಟ ಸೀಮೆಯ ಸರೋವರಗಳ ಕಾಡಿನಲ್ಲಿ ದೋಣಿ ಪ್ರಯಾಣಿಕರು ಡೇರೆ ಹಾಕುವ ಜಾಗಗಳನ್ನು ಅಳೆದು ನೋಡಿದ ಒಂದು ಅಧ್ಯಯನ 1965ರಲ್ಲಿ ಪ್ರಕಟವಾಯಿತು. ಅಪರೂಪಕ್ಕೆ ಬಳಕೆಯಾದ ಜಾಗದಲ್ಲೂ ನೆಲದ ಹಸಿರು ಬಹುಪಾಲು ಹೋಗಿತ್ತು. ಪೆಟ್ಟು ಬೀಳುವುದು ಮೊದಲ ಕೆಲವು ರಾತ್ರಿಗಳಲ್ಲೇ, ಆಮೇಲೆ ಬಂದವರಿಂದ ಆಗುವ ಹಾನಿ ಕಡಿಮೆ ಎಂದು ಮುಂದಿನ ಅಧ್ಯಯನಗಳೂ ಹೇಳಿದವು. ಹತ್ತು ಹೊಲ ಕೆಡಿಸುವುದಕ್ಕಿಂತ ಒಂದೇ ಬಯಲನ್ನು ಕಾಯ್ದಿಟ್ಟು, ಅದನ್ನೇ ಚೆನ್ನಾಗಿ ನೋಡಿಕೊಳ್ಳುವುದು ಮೇಲು. ನಮ್ಮ ಹಿರಿಯರ ಗುಂಡುತೋಪು ಇದೇ ಅಲ್ಲವೇ? ಊರಾಚೆ ಮರ ಬೆಳೆಸಿ, ಪಕ್ಕದಲ್ಲಿ ಬಾವಿ ತೋಡಿ, ದಾರಿಹೋಕರಿಗೆಂದೇ ಬಿಟ್ಟ ಜಾಗ. ಆ ತೋಪು ಒತ್ತುವರಿಯಾದ ಊರಿನಲ್ಲಿ ಇಂದು ಯಾತ್ರಿಕರು ಹಳ್ಳದ ದಂಡೆಗೆ ಇಳಿಯುತ್ತಾರೆ.

ಮೂರನೆಯದು, ಒಂದು ವಹಿ ಇಡಿ. ಅಮೆರಿಕದ ಅರಣ್ಯದವರು 1980ರ ದಶಕದಲ್ಲಿ ಪ್ರತಿ ಇಳಿದಾಣಕ್ಕೂ ಒಂದು ಪಟ್ಟಿ ಮಾಡಿ, ಬರಿದಾದ ನೆಲ ಎಷ್ಟು, ಗಾಯಗೊಂಡ ಮರ ಎಷ್ಟು, ಒಲೆಯ ಗುರುತು ಎಷ್ಟು ಎಂದು ಬರೆದಿಡುವ ಕ್ರಮ ರೂಪಿಸಿದರು. ಕೆಲವು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ಮತ್ತೆ ಬರೆಯುವುದು. ಆಗ ಗೊತ್ತಾಗುತ್ತದೆ, ಜಾಗ ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ. ನಿಮ್ಮ ಊರಿನ ಶಾಲೆಯ ಮಕ್ಕಳು ಇದನ್ನು ಮಾಡಬಲ್ಲರು. ದಿಂಡಿ ಬರುವ ಹಿಂದಿನ ದಿನ ಒಂದು ಪುಟ, ಹೋದ ಮರುದಿನ ಒಂದು ಪುಟ, ತಿಂಗಳ ಮೇಲೆ ಇನ್ನೊಂದು ಪುಟ. ಒಲೆ ಎಷ್ಟು, ಸಿಪ್ಪೆ ಕೆತ್ತಿದ ಮರ ಎಷ್ಟು, ಪ್ಲಾಸ್ಟಿಕ್ ಎಷ್ಟು ಚೀಲ. ಬಾವಿಯ ನೀರಿಗೆ ಆರೋಗ್ಯ ಕಾರ್ಯಕರ್ತೆಯರ ಬಳಿ ಸಣ್ಣ ಪರೀಕ್ಷೆಯ ಬಾಟಲಿ ಸಿಗುತ್ತದೆ. ತುಂಬಿಸಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಅದು ಕೆಟ್ಟಿದೆ ಎಂದು ತಿಳಿದು ಕಾಯಿಸಿ ಕುಡಿಯಬೇಕು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಬೇಕು. ವಹಿ ಮರಾಠಿಯಲ್ಲಿರಲಿ, ಕನ್ನಡದಲ್ಲಿರಲಿ. ತಳದ ಫಲಕ ಮಾತ್ರ ಎರಡೂ ಭಾಷೆಯಲ್ಲಿರಲಿ. ವಿಜಯಪುರದಿಂದ, ಕಲಬುರ್ಗಿಯಿಂದ ಬರುವ ಅಜ್ಜಿಗೆ ಶೌಚಾಲಯದ ದಾರಿ ಓದಲು ಬಾರದಿದ್ದರೆ ಶೌಚಾಲಯ ಇದ್ದೂ ಇಲ್ಲದಂತೆ. ಈ ಕೆಲಸ ಗಡಿಯ ಊರಿನವರಾದ ನಿಮ್ಮಿಂದ ಆಗುವಷ್ಟು ಬೇರೆ ಯಾರಿಂದಲೂ ಆಗದು. ಎರಡೂ ಭಾಷೆಯ ದೂರು ನಿಮ್ಮ ಕಿವಿಗೇ ಮೊದಲು ಬೀಳುವುದು.

ಕೊನೆಯದಾಗಿ, ಮರುದಿನ ಗುಡಿಸುವವರು ಯಾರು ಎಂಬುದನ್ನು ದಿಂಡಿ ಬರುವ ಮೊದಲೇ ಗೊತ್ತು ಮಾಡಿ. ಹೆಸರು ಬರೆದಿಡಿ. ಆ ಪಟ್ಟಿಯಲ್ಲಿ ಒಂದೇ ಕೇರಿಯ ಹೆಸರುಗಳಿದ್ದರೆ ಪಟ್ಟಿಯನ್ನು ಹರಿದು ಹೊಸದು ಮಾಡಿ. ಆರತಿಯ ತಟ್ಟೆ ಹಿಡಿಯುವ ಸರದಿಯಲ್ಲಿ ಯಾರ ಹೆಸರಿದೆಯೋ ಪೊರಕೆ ಹಿಡಿಯುವ ಸರದಿಯಲ್ಲೂ ಅವರ ಹೆಸರಿರಲಿ. ಹೊರಡುವ ದಿಂಡಿಯವರಿಗೂ ಹೇಳಿ, ನಿಮ್ಮ ಒಲೆಯ ಬೂದಿ ನೀವೇ ಮುಚ್ಚಿ ಹೋಗಿ ಎಂದು. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಮುಂದಿನ ವರ್ಷವೂ ಇದೇ ಬಯಲಿಗೆ ಬರುವವರು ಅವರು, ಇದೇ ಬಾವಿಯ ನೀರು ಕುಡಿಯುವವರು.